ಕಡಿಮೆ ಸುತ್ತಿನ ಮೋಟರ್

ಗೇಟಿನ ಹತ್ತಿರ ಬೈಕು ನಿಲ್ಲಿಸುವ ಮೊದಲೇ ಇಸ್ಮಾಯಿಲನಿಗೆ ವಾಸನೆ ಬಡಿಯಿತು. ಕಾಡಿನಲ್ಲಿ ಯಾವುದೋ ಪ್ರಾಣಿ ಸತ್ತು ಬಿದ್ದಿರಬೇಕು ಎಂದುಕೊಂಡ. ಒಳಗೆ ಕಾಲಿಟ್ಟ ಮೇಲೆ ಗೊತ್ತಾಯಿತು, ಅದು ಮನುಷ್ಯರದೇ ವಾಸನೆ. ಹೇಲು, ಹುಳಿತ ಅನ್ನ, ಹಳೆಯ ಕರಿದೆಣ್ಣೆ, ಇವುಗಳ ಮೇಲೆ ಯಾರೋ ಧಾರಾಳವಾಗಿ ಸುರಿದ ಫಿನೈಲು, ಅದರ ಮೇಲೆ ಮಲ್ಲಿಗೆಯ ಸೆಂಟು. ತಡೆಯಲಾಗದ್ದು ಆ ಸೆಂಟು. ಬರೀ ಹೇಲಾಗಿದ್ದರೆ ಮೂಗು ಸ್ವಲ್ಪ ಹೊತ್ತಿಗೆ ಒಗ್ಗಿಕೊಳ್ಳುತ್ತಿತ್ತು.

ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ, ತೇಗದ ಗಿಡಗಳ ನಡುವೆ ಇದ್ದ ಆ ರೆಸಾರ್ಟು ಹಳಿಯಾಳದ ಸಿದ್ದಲಿಂಗನದು. ಅವನ ಮನೆಯವರು ಹಳಿಯಾಳದ ಪೇಟೆಯಲ್ಲಿ ಅಕ್ಕಿ, ಗೋವಿನಜೋಳದ ವ್ಯಾಪಾರ ಮಾಡಿಕೊಂಡು ಬಂದವರು. ಕಾಳಿನ ಧೂಳು ತನಗೆ ಆಗಿಬರುವುದಿಲ್ಲ ಎಂದು ಸಿದ್ದಲಿಂಗ ಇಲ್ಲಿ ಜಾಗ ಹಿಡಿದಿದ್ದ. ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಸದಾ ಮಡಚಿದ ಒಂದು ಕರವಸ್ತ್ರ. ಇಸ್ಮಾಯಿಲನ ಮೋಟರ್ ವೈಂಡಿಂಗ್ ಅಂಗಡಿಯೂ ಹಳಿಯಾಳದ್ದೇ. ರೆಸಾರ್ಟಿನ ಪಂಪು ಸುಟ್ಟಾಗಲೆಲ್ಲ ಅವನೇ ಬರಬೇಕು. ಇವತ್ತು ಬಂದದ್ದು ಪಂಪಿಗಲ್ಲ. ಸಂಜೆಗೆ ಬೆಳಗಾವಿಯ ಯಾವುದೋ ಕಂಪನಿಯ ಜನ ಬಸ್ಸು ತುಂಬಿಕೊಂಡು ಬರುವವರಿದ್ದರು. ಅವರ ಮುಂದೆ ಹುಲ್ಲುಹಾಸಿನ ಮೇಲೆ ರಿಮೋಟ್ ಕಾರು ಓಡಿಸಿ ತೋರಿಸಬೇಕೆಂದು ಸಿದ್ದಲಿಂಗ ಕರೆಸಿದ್ದ.

"ಬರ್ರಿ ಇಸ್ಮಾಯಿಲ್ ಸಾಬ್ರ. ಕಾರ್ ತಂದೀರಿಲ್ಲೊ?" ಸಿದ್ದಲಿಂಗ ಕರವಸ್ತ್ರದ ಒಳಗಿನಿಂದಲೇ ಕೇಳಿದ.

"ತಂದೇನ್ರಿ. ಇದೇನ್ ವಾಸ್ನಿ ಸಾವ್ಕಾರ್ರ?"

"ಸಣ್ಣದೊಂದು ಬ್ಲಾಕೇಜ್ ಆಗೇತಿ. ಡೇವಿಡ್ಯಾ ನೋಡಾಕತ್ತಾನ. ನೀವ್ ಚಾ ತಗೋರಿ."

ಚಹಾ ಬಂತು. ಇಸ್ಮಾಯಿಲ್ ಕಪ್ಪನ್ನು ತುಟಿಯ ಹತ್ತಿರ ತಂದು ಹಾಗೆಯೇ ಕೆಳಗಿಟ್ಟ. ಅಡುಗೆಮನೆಯ ಹಿಂದಿನ ಚೇಂಬರಿನ ಮುಚ್ಚಳ ಎದ್ದು, ಅದರ ಸುತ್ತ ಕಂದು ಬಣ್ಣದ ನೀರು ನಿಂತಿತ್ತು. ನೀರಿನ ಮೇಲೆ ಟೊಮೆಟೊ ಸಿಪ್ಪೆ, ಒಂದು ಹಲ್ಲುಜ್ಜುವ ಬ್ರಷ್ಷು, ಮಗುವಿನ ಡೈಪರಿನ ಊದಿಕೊಂಡ ಹತ್ತಿ. ನೊಣಗಳು ಅದರ ಮೇಲೆ ಕೂತು ಎದ್ದು ನೇರವಾಗಿ ಚಹಾದ ಟ್ರೇಗೆ ಬರುತ್ತಿದ್ದವು.

ಇಸ್ಮಾಯಿಲನಿಗೆ ಈ ಕಾರಿನ ಹುಚ್ಚು ಹತ್ತಿದ್ದು ಹಿಂದಿನ ಮಳೆಗಾಲದಲ್ಲಿ. ಮಳೆ ಬಿದ್ದರೆ ಯಾರಿಗೂ ಪಂಪು ಬೇಡ. ಅಂಗಡಿಯಲ್ಲಿ ಸುಮ್ಮನೆ ಕೂತು ಮೊಬೈಲಿನಲ್ಲಿ ನೋಡುತ್ತ ನೋಡುತ್ತ, ಸಣ್ಣ ಕಾರುಗಳು ಕೆಸರು ಹಾರಿಸಿಕೊಂಡು ಗುಡ್ಡ ಹತ್ತುವುದನ್ನು ಕಂಡ. ಮಕ್ಕಳ ಆಟಿಕೆಯಲ್ಲ, ದೊಡ್ಡವರು ಬಿಚ್ಚಿ ಕಟ್ಟುವ ಕಾರು. ತರಿಸಿಬಿಟ್ಟ. ಡಬ್ಬಿ ಬಂದ ದಿನ ಓಡಿಸಲಿಲ್ಲ. ಪೂರ್ತಿ ಬಿಚ್ಚಿ ನೋಡಿದ. ಮೋಟರು ಸುಣ್ಣದ ಡಬ್ಬಿಗಿಂತ ತುಸು ದೊಡ್ಡದು. ಒಳಗೆ ಎರಡು ಅಯಸ್ಕಾಂತ, ನಡುವೆ ತಿರುಗುವ ಮೂರು ಹಲ್ಲಿನ ಆರ್ಮೇಚರು, ಅದಕ್ಕೆ ಸುತ್ತಿದ ತಾಮ್ರದ ತಂತಿ, ಹಿಂದೆ ಅದಕ್ಕೆ ಕರೆಂಟು ದಾಟಿಸುವ ಎರಡು ಸಣ್ಣ ಕಾರ್ಬನ್ನು. ದಿನಾ ಕೈಯಲ್ಲಿ ಹಿಡಿಯುವ ಮೋಟರುಗಳ ಮರಿಯಂತಿತ್ತು.

ಕಲಿಯುವುದಕ್ಕೆ ಬಹಳವಿತ್ತು. ಮೋಟರಿನ ತುದಿಯ ಸಣ್ಣ ಹಲ್ಲುಗಾಲಿ ದೊಡ್ಡ ಹಲ್ಲುಗಾಲಿಗೆ ತೀರ ಒತ್ತಿಕೊಂಡರೆ ಕಿರುಚುತ್ತದೆ, ದೂರ ನಿಂತರೆ ಹಲ್ಲು ತಿನ್ನುತ್ತದೆ. ನಡುವೆ ಒಂದು ಕಾಗದದ ಚೂರು ಸಿಕ್ಕಿಸಿ ತಿರುಗಿಸಬೇಕು. ಹರಿಯದೆ, ಬರೀ ಮಡಿಕೆ ಬಿದ್ದು ಆಚೆ ಬಂದರೆ ಸರಿಯಾಗಿದೆ ಎಂದರ್ಥ. ಇದನ್ನು ಬೇಗ ಹಿಡಿದ. ಬ್ಯಾಟರಿಯಲ್ಲಿ ಎಡವಿದ. ಮನೆಯ ಇನ್ವರ್ಟರಿನಂತೆಯೇ ಎಂದು ತಿಳಿದು ಕಾರು ಉಸಿರು ಬಿಡುವ ತನಕ ಓಡಿಸಿ, ಆಮೇಲೆ ಚಾರ್ಜಿಗೆ ಹಾಕಿ ಮರೆತ. ಬ್ಯಾಟರಿ ಪೂರಿಯಂತೆ ಉಬ್ಬಿ, ಸಿಹಿ ಸಿಹಿಯಾದ ಒಂದು ಹೊಲಸು ವಾಸನೆ ಬಿಟ್ಟಿತು. ಅದನ್ನು ಉದ್ದದ ಇಕ್ಕಳದಲ್ಲಿ ಎತ್ತಿ ಹಿತ್ತಲಿನ ಮರಳಿನಲ್ಲಿ ಹೂತ. ಓಡಿಸುವುದಂತೂ ಬೇರೆಯೇ ವಿದ್ಯೆ. ಕಾರು ನಮ್ಮಿಂದ ದೂರ ಹೋಗುವಾಗ ಎಡ ಎಂದರೆ ಎಡ; ನಮ್ಮ ಕಡೆಗೆ ತಿರುಗಿ ಬರುವಾಗ ಎಡವೇ ಬಲ. ಸಂತೆಯಿಲ್ಲದ ದಿನ ಸಂತೆಯ ಬಯಲಿಗೆ ಹೋಗಿ ಓಡಿಸುತ್ತಿದ್ದ. ಕಾರು ಹೋಗಿ ಎಮ್ಮೆಯ ಕಾಲಿಗೆ ಬಡಿಯುತ್ತಿತ್ತು.

"ಏನ್ ಇಸ್ಮಾಯಿಲಣ್ಣ, ಹೆಂಡ್ತಿ ಮಾತ್ ಕೇಳೂದಿಲ್ಲಂತ ಮಾತ್ ಕೇಳೂದೊಂದು ತರಿಸಿದ್ಯೇನು?" ಎಂದು ಪರಸಪ್ಪನೆಂಬ ರೈತ ಪಂಪು ರಿಪೇರಿಗೆ ತಂದಾಗ ಕೇಳಿದ.

"ಇದೂ ಕೇಳವಲ್ದು ಮಾರಾಯಾ."

ಕಾರು ಬಯಲಿನ ಬದುವನ್ನು ಹತ್ತಲಿಲ್ಲ. ಅಲ್ಲಿ ಇಸ್ಮಾಯಿಲನ ಕೈ ಸುಮ್ಮನಿರಲಿಲ್ಲ.

ಹಳಿಯಾಳದ ಸುತ್ತಿನ ಹಳ್ಳಿಗಳಲ್ಲಿ ಲೈನಿನ ಕಟ್ಟಕಡೆಯ ಹೊಲಗಳಿಗೆ ಕರೆಂಟು ಮುಟ್ಟುವಾಗ ಸೊರಗಿ ಹೋಗಿರುತ್ತದೆ. ಕಂಪನಿ ಸುತ್ತಿ ಕೊಟ್ಟ ಮೋಟರು ಅಲ್ಲಿ ಹೂಂ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಇಸ್ಮಾಯಿಲನ ಅಪ್ಪ ಅದಕ್ಕೊಂದು ರೂಢಿ ಮಾಡಿದ್ದ. ಹಳೆಯ ತಂತಿ ಬಿಚ್ಚಿ, ಸ್ವಲ್ಪ ದಪ್ಪ ತಂತಿಯನ್ನು ಕಡಿಮೆ ಸುತ್ತು ಸುತ್ತುವುದು. ಆಗ ಸೊರಗಿದ ಕರೆಂಟಿನಲ್ಲೂ ಪಂಪು ನೀರೆತ್ತುತ್ತದೆ. 'ಕಡಿಮಿ ಸುತ್ತಿಂದು' ಎಂದರೆ ಆ ಅಂಗಡಿಯ ಮೋಟರು ಎಂದೇ ಮುಂಡಗೋಡದ ತನಕ ರೈತರಿಗೆ ಗೊತ್ತು. ಎಂಥ ಮೋಟರು ಸೋತು ಬಂದರೂ ಇಸ್ಮಾಯಿಲನ ಬೆರಳು ತಾನಾಗಿಯೇ ಆ ಲೆಕ್ಕಕ್ಕೆ ಹೋಗುತ್ತಿತ್ತು. ಕಾರಿನ ಮರಿ ಮೋಟರಿಗೂ ಅದನ್ನೇ ಮಾಡಿದ. ತಗಡಿನ ಕಿವಿಗಳನ್ನು ಎಬ್ಬಿಸಿ ಡಬ್ಬಿ ತೆರೆದು, ಕೂದಲಿನಂಥ ತಂತಿ ತೆಗೆದು ದಪ್ಪನೆಯದನ್ನು ಅರ್ಧದಷ್ಟು ಸುತ್ತು ಸುತ್ತಿ, ವಾರ್ನಿಷು ಬಳಿದು, ಬಿಸಿಲಿಗೆ ಒಣಗಿಸಿ ಕೂರಿಸಿದ.

ಮರುದಿನ ಕಾರು ಮುಂಗುಸಿಯಂತೆ ಓಡಿತು. ಓಡಿ ಬಂದ ವೇಗಕ್ಕೇ ಬದು ಹಾರಿತು. ನೋಡಿದವರು ತಲೆದೂಗಿದರು. ಮೋಟರು ಮುಟ್ಟಿದರೆ ಬೆರಳು ಚುರ್ ಎನ್ನುವಷ್ಟು ಬಿಸಿಯಾಗುತ್ತಿತ್ತು. "ಬಿಸಿ ಆದ್ರೇನಾತು, ಪಂಪ್ ಬಿಸಿ ಆಗೂದಿಲ್ಲೇನ" ಎಂದ ಇಸ್ಮಾಯಿಲ್. ಆ ಸುದ್ದಿಯೇ ಸಿದ್ದಲಿಂಗನಿಗೆ ಮುಟ್ಟಿದ್ದು.

ಚಹಾ ಬಿಟ್ಟು ಇಸ್ಮಾಯಿಲ್ ಕಾರನ್ನು ಕಂಕುಳಲ್ಲಿ ಹಿಡಿದು ಹುಲ್ಲುಹಾಸು ದಾಟಿ ಕೆಳಗಿಳಿದ. ಅಲ್ಲಿ ನೆಲ ನಾಲೆಗೆ ಇಳಿಯುತ್ತದೆ. ನಾಲೆ ಮುಂದೆ ಹೋಗಿ ಕಾಳಿ ಹೊಳೆ ಸೇರುತ್ತದೆ. ದಂಡೆಯಲ್ಲಿ ಎರಡಡಿ ಅಗಲದ ಸಿಮೆಂಟ್ ಪೈಪೊಂದು ಬಾಯಿ ತೆರೆದುಕೊಂಡಿತ್ತು. ರೆಸಾರ್ಟಿನ ಎಲ್ಲ ಕೋಣೆಗಳದ್ದು, ಅಡುಗೆಮನೆಯದ್ದು ಈ ಪೈಪಿನಲ್ಲೇ ಬಂದು ನಾಲೆಗೆ ಬೀಳುವುದೆಂದು ಇಸ್ಮಾಯಿಲನಿಗೆ ಆಗಲೇ ಗೊತ್ತಾದದ್ದು. ಹೊಳೆಯ ನೀರಿನಲ್ಲಿ ಮೈಚೆಲ್ಲಿ ಫೋಟೋ ತೆಗೆಸಿಕೊಳ್ಳಲು ಬರುವವರು ಒಂದು ರಾತ್ರಿ ಮೊದಲು ಅದೇ ಹೊಳೆಗೆ ಏನು ಕಳಿಸುತ್ತಾರೆಂದು ಯೋಚಿಸಿ ಪಕ್ಕಕ್ಕೆ ಉಗಿದ.

ಪೈಪಿನ ಬಾಯಲ್ಲಿ ಡೇವಿಡ್ ಕೂತಿದ್ದ. ಹತ್ತಿರದ ಹಳ್ಳಿಯ ಸಿದ್ದಿ ಬುಡಕಟ್ಟಿನವನು. ರೆಸಾರ್ಟಿನಲ್ಲಿ ತೋಟ, ಕಟ್ಟಿಗೆ, ಕಸ ಎಲ್ಲ ಅವನದೇ. ಅವನ ಹೆಂಡತಿ ಮಾಗ್ದಲೀನಾ ಅಲ್ಲಿಯೇ ಪಾತ್ರೆ ತೊಳೆಯುತ್ತಿದ್ದಳು. ಡೇವಿಡ್ ಉದ್ದನೆಯ ಬಿದಿರಿನ ಸೀಳನ್ನು ಪೈಪಿನೊಳಗೆ ತಳ್ಳಿ ತಳ್ಳಿ ಸೋತಿದ್ದ. ಮೊಣಕೈತನಕ ಕರಿಯ ಜಿಡ್ಡು ಹತ್ತಿತ್ತು.

"ಮುಟ್ಟಬ್ಯಾಡ ಅಣ್ಣಾ, ನಿನ್ನ ಕಾರ್ ಹೊಲಸಾಗ್ತೇತಿ," ಎಂದು ನಕ್ಕ.

"ಎಲ್ಲಿ ಕಟ್ಟೇತಿ?"

"ಭಾಳ ಒಳಗ. ಬಿದಿರ್ ಮುಟ್ಟವಲ್ದು. ಮ್ಯಾಲಿನ ಹುಲ್ಲಿನ ಕೆಳಗ ಇರಬೇಕು."

"ಹಂಗಾರ ಹುಲ್ ಅಗದ್ರ ಆತಲ್ಲ. ಇಲ್ಲಾಂದ್ರ ದಾಂಡೇಲಿಂದ ಹೊಲಸ ಎಳಿಯೂ ಗಾಡಿ ಕರಸ್ರಿ."

ಡೇವಿಡ್ ಮೇಲೆ ಕಣ್ಣು ಹಾಯಿಸಿದ. ಸಿದ್ದಲಿಂಗ ಇಳಿದು ಬಂದಿದ್ದ, ಮೂಗು ಮುಚ್ಚಿಕೊಂಡು.

"ಗಾಡಿ ಬಂದ್ರ ಗಾಡಿಯವ್ರು ಪೈಪ್ ಎಲ್ಲಿ ಹೋಗ್ತೇತಂತ ಕೇಳ್ತಾರ," ಎಂದ ಸಿದ್ದಲಿಂಗ. "ನಾಳೆ ಊರಿಗೆಲ್ಲ ಹೇಳ್ತಾರ. ಹುಲ್ಲಿನ ಮ್ಯಾಲ ಇವತ್ ಸಂಜಿಕ ಸ್ಟೇಜ್ ಐತಿ. ಅದೆಲ್ಲ ಬ್ಯಾಡ. ಡೇವಿಡ್ಯಾ ಸಣಕಲ ಅದಾನ. ಇದರ ಅರ್ಧಾ ಅಗಲದ ಪೈಪಿನ್ಯಾಗೂ ಅಂವಾ ಸರಾಗ ಹೋಗ್ತಾನ."

ಇಸ್ಮಾಯಿಲನಿಗೆ ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. "ಒಳಗ? ಇಂವಾ?"

"ಅಂವಗ ರೂಢಿ ಐತ್ರಿ. ಕಾಡಿನ್ಯಾಗ ಬೆಳದಂವಾ."

"ಮನಷ್ಯಾನ್ನ ಗಟಾರಕ್ಕ ಇಳಸೂದು ಕಾಯ್ದೆದಾಗ ಇಲ್ಲರಿ ಸಾವ್ಕಾರ್ರ."

"ಯಾರ್ ಇಳಸ್ತಾರ? ಇಳಸೂದು ಗುಂಡಿಗೆ. ಇದು ಪೈಪ್. ಇಂವಾ ಇಳಿಯೂದಿಲ್ಲ, ತೆವಳ್ತಾನ." ಸಿದ್ದಲಿಂಗ ಇದನ್ನು ಅಕ್ಕಿಯ ಎರಡು ತಳಿಗಳ ಫರಕು ಹೇಳುವ ಸ್ವರದಲ್ಲಿ ಹೇಳಿದ. ಆಮೇಲೆ ಜೇಬಿನಿಂದ ಸೆಂಟಿನ ಶೀಶೆ ತೆಗೆದು ಡೇವಿಡ್ಡನ ತಲೆಯ ಮೇಲೆ ಎರಡು ಸಲ ಹೊಡೆದ, ಕೊಟ್ಟಿಗೆಗೆ ಔಷಧ ಹೊಡೆದ ಹಾಗೆ. "ವಾಸ್ನಿ ಬರೂದಿಲ್ಲ ನೋಡ ಈಗ. ಹೋಗ."

ಡೇವಿಡ್ ಕಣ್ಣು ಮುಚ್ಚಿ ತೆರೆದ. ಅಂಗಿಯ ಗುಂಡಿಗೆ ಕೈ ಹಾಕಿದ. ಅವನು ಒಳಗೆ ಹೋಗಿ ಕಟ್ಟಿದ್ದನ್ನು ಬಿಡಿಸಿದನೆಂದರೆ, ಅದರ ಹಿಂದೆ ತುಂಬಿಕೊಂಡು ನಿಂತದ್ದೆಲ್ಲ ಅವನ ಮೇಲೆಯೇ ಬರುತ್ತದೆ. ಇದು ಅಲ್ಲಿ ನಿಂತ ಮೂವರಿಗೂ ತಿಳಿದಿತ್ತು.

"ನಿಂದ್ರು," ಎಂದ ಇಸ್ಮಾಯಿಲ್. "ನೀ ಹೋಗಬ್ಯಾಡ. ನನ್ನ ಕಾರ್ ಹೋಗ್ತೇತಿ."

ಉಪಾಯ ಸರಳವಾಗಿತ್ತು. ಬಾವಿಯಲ್ಲಿ ಬಿದ್ದ ಕೊಡ ಎತ್ತುವ ಪಾತಾಳಗರಡಿ ರೆಸಾರ್ಟಿನಲ್ಲಿ ಒಂದಿತ್ತು, ನಾಲ್ಕು ಕೊಂಡಿಯ ಕಬ್ಬಿಣದ ಹುಕ್ಕು. ಅದಕ್ಕೆ ಹಗ್ಗ ಕಟ್ಟಿ, ಹುಕ್ಕನ್ನು ಕಾರಿನ ಹಿಂದೆ ಬಿಗಿಯುವುದು. ಕಾರು ಅದನ್ನು ಎಳೆದುಕೊಂಡು ಕಟ್ಟಿದ ಜಾಗಕ್ಕೆ ಹೋದ ಮೇಲೆ, ಕಾರನ್ನು ತಿರುಗಿಸಿ ಹುಕ್ಕನ್ನು ಕಸದಲ್ಲಿ ಸಿಕ್ಕಿಸಬೇಕು. ಆಮೇಲೆ ಹೊರಗೆ ನಿಂತು, ಬಾಯಿಯ ಪಕ್ಕಕ್ಕೆ ಸರಿದು, ಹಗ್ಗ ಜಗ್ಗಬೇಕು. ಇಸ್ಮಾಯಿಲ್ ಕಾರಿನ ಮೇಲಿನ ಚಂದದ ಹೊದಿಕೆ ತೆಗೆದಿಟ್ಟು, ಅದರ ಜಾಗದಲ್ಲಿ ಸಣ್ಣ ಟಾರ್ಚು ಕಟ್ಟಿದ.

"ಆಗ್ತೇತೇನ ಅಣ್ಣಾ?" ಡೇವಿಡ್ ಕೇಳಿದ. ದನಿಯಲ್ಲಿ ಮೊದಲ ಸಲ ಆಸೆ ಇಣುಕಿತು.

"ಸಂತಿ ಬಯಲಾಗ ಬದು ಹಾರೇತಿ ಇದು."

ಮಾಗ್ದಲೀನಾ ಒದ್ದೆ ಕೈಯಲ್ಲೇ ಬಂದು ದಂಡೆಯ ಮೇಲೆ ನಿಂತಳು. ಮೊದಲೇ ಬಂದಿಳಿದಿದ್ದ ನಾಲ್ಕೈದು ಮಂದಿ ಅತಿಥಿಗಳೂ ಮೂಗು ಹಿಡಿದುಕೊಂಡು ಮೊಬೈಲು ಎತ್ತಿ ಹಿಡಿದು ಬಂದರು. ಒಬ್ಬನ ಬಾಯಲ್ಲಿ ಇನ್ನೂ ಮೀನಿನ ತುಂಡಿತ್ತು. ಅಗಿಯುವುದನ್ನು ಅವನು ನಿಲ್ಲಿಸಲಿಲ್ಲ.

ಕಾರು ಒಳಗೆ ಹೋಯಿತು. ಟಾರ್ಚಿನ ಬೆಳಕಿನಲ್ಲಿ ಪೈಪಿನ ಗೋಡೆ ಕಂಡಿತು. ಗೋಡೆಗೆ ಗಂಟಲಿನ ಕಫದಂತೆ ಬಿಳಿ ಜಿಡ್ಡು ತೂಗುತ್ತಿತ್ತು. ಅಡುಗೆಮನೆಯ ಎಣ್ಣೆ ತಣಿದು ಆದದ್ದು. ಅದರಲ್ಲಿ ಕೂದಲು, ಅನ್ನದ ಅಗುಳು, ಪ್ಲಾಸ್ಟಿಕ್ಕಿನ ಚಮಚ. ಸಣ್ಣ ಬಿಳಿಯ ಹುಳಗಳು ಬೆಳಕು ಬಿದ್ದ ಕಡೆಯಿಂದ ಸರಿದವು. ಗಾಲಿಗಳು ಜಾರಿ ಜಾರಿ ತಿರುಗಿ ಕಪ್ಪು ಕೆಸರನ್ನು ಹಿಂದಕ್ಕೆ ಎರಚಿದವು. ಒಂದು ಹನಿ ಇಸ್ಮಾಯಿಲನ ಕೆಳತುಟಿಗೆ ಬಿತ್ತು. ಅವನು ತೋಳಿನಿಂದ ಒರೆಸಿದ, ಮತ್ತೆ ಒರೆಸಿದ. ಒರೆಸಿದಷ್ಟೂ ಅದು ಅಲ್ಲೇ ಇದ್ದಂತಾಯಿತು.

ಹಿಂದಿನವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ತನ್ನ ಎದೆ ಉಬ್ಬಿದ್ದು ಇಸ್ಮಾಯಿಲನಿಗೆ ತಿಳಿಯಿತು. ಪಕ್ಕದಲ್ಲಿ ಅರ್ಧ ಬಿಚ್ಚಿದ ಅಂಗಿಯಲ್ಲಿ ಡೇವಿಡ್ ನಿಂತಿದ್ದ. ಇಸ್ಮಾಯಿಲನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಪೈಪಿನ ಎರಡು ತುಂಡು ಕೂಡುವಲ್ಲಿ ಒಂದು ಅಂಚು ಎದ್ದಿತ್ತು. ಕಾರಿನ ಗಾಲಿಗಳು ಅದನ್ನು ಹತ್ತಿ ಆಚೆ ಬಿದ್ದವು. ಹಿಂದಿನ ಹುಕ್ಕು ಅಂಚಿಗೆ ಬಂದು ನಿಂತಿತು. ಇಸ್ಮಾಯಿಲ್ ಕೈಯಲ್ಲಿದ್ದ ರಿಮೋಟನ್ನು ಮೆಲ್ಲಗೆ ಒತ್ತಿದ. ಮೆಲ್ಲಗೆ ಎನ್ನುವುದು ಆ ಮೋಟರಿಗೆ ಗೊತ್ತಿರಲಿಲ್ಲ. ಓಡುತ್ತಿದ್ದರೆ ಓಡುತ್ತಿತ್ತು, ತಡೆದು ನಿಲ್ಲಿಸಿದರೆ ಎಳೆಯುವ ಕಸುವಿಲ್ಲ. ಇನ್ನಷ್ಟು ಒತ್ತಿದ. ಕಿರ್ ಎಂಬ ಸದ್ದು ಬಂತು, ಸದ್ದು ನಿಂತಿತು. ಟಾರ್ಚಿನ ಬೆಳಕಿನಲ್ಲಿ ನೀಲಿ ಹೊಗೆ ಸುತ್ತಿತು. ಎಲ್ಲರಿಗಿಂತ ಮೊದಲು ಇಸ್ಮಾಯಿಲನ ಮೂಗಿಗೆ ಅದು ತಿಳಿಯಿತು: ಸುಟ್ಟ ವಾರ್ನಿಷು. ಹೇಲಿನ ವಾಸನೆಯೊಳಗಿಂದ ಅದು ಬೇರೆಯಾಗಿ ಬಂತು.

ತಾನು ಮಾಡಿದ್ದೇನೆಂದು ಅವನಿಗೆ ಆಗ ಗೊತ್ತಾಯಿತು. ಬ್ಯಾಟರಿ ಯಾವ ಲೈನಿನ ಕಡೆಯ ಹೊಲದಲ್ಲೂ ಇಲ್ಲ. ಅದು ತುಂಬಿದ ಕೊಡದಂತೆ ಮೋಟರಿನ ಪಕ್ಕದಲ್ಲೇ ಕೂತಿದೆ. ಸೊರಗಿದ ಕರೆಂಟಿಗೆ ಮಾಡುವ ಔಷಧವನ್ನು ತುಂಬಿದ ಬ್ಯಾಟರಿಗೆ ಮಾಡಿದ್ದ. ಕಂಪನಿ ಕೊಟ್ಟ ಹಾಗೆಯೇ ಹೆಚ್ಚು ಸುತ್ತಿನ ಮೋಟರು ಇದ್ದಿದ್ದರೆ ಬದು ಹಾರುತ್ತಿರಲಿಲ್ಲ. ಆದರೆ ಆಮೆಯಂತೆ ಈ ಅಂಚನ್ನು ಎಳೆದುಕೊಂಡು ದಾಟುತ್ತಿತ್ತು.

"ಏನಾತು?" ಸಿದ್ದಲಿಂಗ ಕೇಳಿದ.

"ಸುಟ್ತು."

"ಜಗ್ಗರಿ ಹೊರಗ."

ಡೇವಿಡ್ ಮತ್ತು ಇಸ್ಮಾಯಿಲ್ ಹಗ್ಗ ಜಗ್ಗಿದರು. ಹುಕ್ಕಿನ ಕೊಂಡಿಗಳು ಪೈಪಿನ ಅಂಚಿನಲ್ಲಿ ಇನ್ನಷ್ಟು ಕಚ್ಚಿಕೊಂಡವು. ಎರಡನೆಯ ಸಲ ಜಗ್ಗಿದಾಗ ಹಗ್ಗ ಕಿತ್ತು ಬಂದು ಇಬ್ಬರೂ ಕೆಸರಿನಲ್ಲಿ ಕುಂಡೆಯೂರಿ ಕೂತರು. ಅತಿಥಿಗಳು ನಕ್ಕರು. ಮೀನು ತಿನ್ನುತ್ತಿದ್ದವನು ಮುಳ್ಳನ್ನು ನಾಲೆಗೆ ಉಗಿದು ಮೊಬೈಲು ಜೇಬಿಗಿಟ್ಟ. ಎಲ್ಲರೂ ಮೇಲೆ ಹೋದರು.

ಸಿದ್ದಲಿಂಗ ಸಿಟ್ಟಾಗಲಿಲ್ಲ. ಅವನ ಮುಖದಲ್ಲಿ ಸಮಾಧಾನವೇ ಕಂಡಿತು. "ಇರ್ಲಿ. ಮೊದಲ ಕಸಾ ಇತ್ತು. ಈಗ ನಿಮ್ಮ ಕಾರು, ನಮ್ಮ ಹುಕ್ಕು ಎರಡೂ ಸೇರಿದ್ವು. ಇನ್ನ ಡೇವಿಡ್ಯಾ ಹೋಗಾಕಽ ಬೇಕು. ನಿಮ್ಮ ಕಾರ್ ತರಾಕರೆ ಹೋಗ್ತಾನ. ಹೌದಿಲ್ಲೊ?"

"ಕಾರ್ ಬ್ಯಾಡ ನನಗ."

"ನಿಮಗ ಬ್ಯಾಡಾಗಬಹುದು. ನನ್ನ ಪೈಪಿಗೂ ಅದು ಬ್ಯಾಡ."

ಡೇವಿಡ್ ಅಂಗಿ ತೆಗೆದು ಕಲ್ಲಿನ ಮೇಲೆ ಮಡಚಿಟ್ಟ. ಕೊರಳಿನ ದಾರದಲ್ಲಿದ್ದ ಸಣ್ಣ ಶಿಲುಬೆಯನ್ನು ಬಾಯಲ್ಲಿ ಕಚ್ಚಿಕೊಳ್ಳಲು ಹೋಗಿ, ಪೈಪು ನೋಡಿ, ಬಿಚ್ಚಿ ಅಂಗಿಯ ಮೇಲಿಟ್ಟ. "ನೀ ಮನಸಿಗೆ ಹಚ್ಕೋಬ್ಯಾಡ ಅಣ್ಣಾ. ನಿನ್ನ ಕಾರ್ ಹೊರಗ ತರ್ತೇನಿ. ತೊಳದ ಕೊಡ್ತೇನಿ."

ತೊಳೆದು ಕೊಡುತ್ತೇನೆ ಎಂಬ ಮಾತು ಇಸ್ಮಾಯಿಲನನ್ನು ಹೊಡೆಯಿತು. ಇಷ್ಟು ಹೊತ್ತು ಡೇವಿಡ್ ಯಾರದೋ ಹೇಲಿಗಾಗಿ ಒಳಗೆ ಹೋಗಬೇಕಿತ್ತು. ಈಗ ತನ್ನ ಆಟದ ಸಾಮಾನಿಗಾಗಿ ಹೋಗುತ್ತಿದ್ದಾನೆ.

ಮಾಗ್ದಲೀನಾ ದಂಡೆಯಿಂದ ಜಾರುತ್ತ ಇಳಿದು ಬಂದಳು. ಯಾರನ್ನೂ ನೋಡದೆ ಪೈಪಿನ ಬಾಯಿಗೆ ಬೆನ್ನು ಕೊಟ್ಟು, ಸೀರೆಯ ಸೆರಗನ್ನು ಮೊಣಕಾಲಿಗೆ ಬಿಗಿದು, ಆ ಕರಿಯ ಕೆಸರಿನಲ್ಲೇ ಕೂತಳು.

"ಏಳ ಮಾಗ್ದಲೀನಾ," ಎಂದ ಡೇವಿಡ್.

"ಹೋಗಾಂವಾ ನನ್ನ ದಾಟಿ ಹೋಗ."

"ಕೆಲಸಾ ಹೋಗ್ತೇತಿ."

"ಹೋಗ್ಲಿ. ಇದರ ಮುಂದ ಕೂತು ಊಟಾ ಮಾಡೂದೂ ಹೋಗ್ತೇತಿ."

"ಏ ಮಾಗ್ದಲೀನಾ, ಭಾಂಡಿ ಹಂಗಽ ಬಿದ್ದಾವ, ಮ್ಯಾಲ್ ನಡಿ," ಎಂದ ಸಿದ್ದಲಿಂಗ. ಅವಳನ್ನು ತೋಳು ಹಿಡಿದು ಎಬ್ಬಿಸುವುದಕ್ಕೆ ಹತ್ತಿರ ಹೋದ. ಅವಳ ಕೈಯ ಮೇಲಿನ ಕೆಸರು ನೋಡಿ ಹಿಂದೆ ಸರಿದ. ಬಿಳಿ ಅಂಗಿಯ ತೋಳನ್ನು ಒಂದು ಸಲ ಪರೀಕ್ಷೆ ಮಾಡಿಕೊಂಡ.

ಇಸ್ಮಾಯಿಲ್ ಅದನ್ನು ನೋಡಿದ. ದಂಡೆ ಹತ್ತಿ ಹುಲ್ಲುಹಾಸಿಗೆ ಬಂದ. ಅಲ್ಲಿ ಸ್ಟೇಜಿಗೆ ಗೂಟ ಹುಗಿಯಲು ತಂದಿದ್ದ ಗುದ್ದಲಿ, ಹಾರೆ ಬಿದ್ದಿದ್ದವು. ಒಳಗೆ ಹೋದ ಹಗ್ಗದ ಉದ್ದವನ್ನು ಹೆಜ್ಜೆಯಲ್ಲಿ ಅಂದಾಜು ಮಾಡಿ, ಇನ್ನೂ ನಾಲ್ಕು ಹೆಜ್ಜೆ ಮುಂದೆ ನಡೆದು, ಸ್ಟೇಜಿನ ಕೆಂಪು ಜಮಖಾನೆ ಎತ್ತಿ ಒಗೆದು, ಹುಲ್ಲಿಗೆ ಗುದ್ದಲಿ ಹಾಕಿದ.

"ಸಾಬ್ರ, ಏನ್ ಮಾಡಾಕತ್ತೀರಿ?" ಸಿದ್ದಲಿಂಗ ಏದುಸಿರು ಬಿಡುತ್ತ ಹತ್ತಿ ಬಂದ. "ಬೆಂಗಳೂರಿಂದ ತರಿಸಿದ್ ಹುಲ್ ಅದು."

ಇಸ್ಮಾಯಿಲ್ ಎರಡನೆಯ ಏಟು ಹಾಕಿದ.

"ನೀವ್ ಇನ್ನ ಹಳಿಯಾಳದಾಗ ಅಂಗಡಿ ಹೆಂಗ ನಡಸ್ತೀರಿ ನೋಡ್ತೇನಿ."

"ನೋಡ್ರಿ," ಎಂದ ಇಸ್ಮಾಯಿಲ್. "ಸದ್ಯ ದೂರ ನಿಂದ್ರರಿ. ಅಂಗಿಗೆ ಹಾರ್ತೇತಿ."

ಸಿದ್ದಲಿಂಗ ದೂರ ನಿಂತ. ಗುದ್ದಲಿಯನ್ನು ಕಿತ್ತುಕೊಳ್ಳಬಹುದಿತ್ತು; ಆದರೆ ಅದರ ಕಾವಿಗೆ ಇಸ್ಮಾಯಿಲನ ಕೈಯ ಜಿಡ್ಡು ಹತ್ತಿತ್ತು. ಅದೊಂದೇ ಕಾರಣಕ್ಕೆ ಕೆಲಸ ನಡೆಯಿತು. ಸ್ವಲ್ಪ ಹೊತ್ತಿಗೆ ಡೇವಿಡ್ ಹಾರೆ ಹಿಡಿದು ಎದುರಿಗೆ ನಿಂತ, ಬರಿಮೈಯಲ್ಲಿ. ಮಾಗ್ದಲೀನಾಳೂ ಮೇಲೆ ಬಂದು ಬುಟ್ಟಿಯಲ್ಲಿ ಮಣ್ಣು ಎತ್ತಿ ಹಾಕತೊಡಗಿದಳು. ಹುಲ್ಲಿನ ಕೆಳಗೆ ತೆಳು ಮಣ್ಣು, ಅದರ ಕೆಳಗೆ ರೆಸಾರ್ಟು ಕಟ್ಟುವಾಗ ಮುಚ್ಚಿಹಾಕಿದ ಇಟ್ಟಿಗೆ ಚೂರು, ಬಾಟಲಿ, ಸಿಮೆಂಟಿನ ಚೀಲ. ಸೊಂಟದಾಳಕ್ಕೆ ಪೈಪಿನ ಬೆನ್ನು ಸಿಕ್ಕಿತು. ಅದು ಬೆವರಿದಂತೆ ಒದ್ದೆಯಾಗಿತ್ತು. ಡೇವಿಡ್ ಹಾರೆಯ ತುದಿಯಿಂದ ತಟ್ಟಿ ನೋಡಿದ.

"ಇಲ್ಲೆ ಪೊಳ್ಳು. ಆ ಕಡೆ ತುಂಬೇತಿ. ಇದರ ನಡುವ ಐತಿ."

ಹಾರೆ ಎತ್ತಿ ಹಾಕಿದರು. ಸಿಮೆಂಟು ಒಡೆದು ಕೈ ಹೋಗುವಷ್ಟು ತೂತಾಯಿತು. ಒಳಗೆ ಕಂಡದ್ದನ್ನು ಇಸ್ಮಾಯಿಲ್ ಆಮೇಲೆ ಮನೆಯಲ್ಲಿ ಹೇಳಲಿಲ್ಲ. ರೆಸಾರ್ಟಿನ ಹೆಸರು ಹೆಣೆದಿದ್ದ ಬಿಳಿಯ ದೊಡ್ಡ ಟವೆಲ್ಲುಗಳು, ಎರಡೋ ಮೂರೋ, ಹಗ್ಗದಂತೆ ಹೊಸೆದುಕೊಂಡು, ಅವುಗಳ ಸುತ್ತ ಎಣ್ಣೆ ಹೆಪ್ಪುಗಟ್ಟಿ, ಮಕ್ಕಳ ಡೈಪರು, ಹೆಂಗಸರ ಬಟ್ಟೆ, ಕೋಳಿಯ ಮೂಳೆ ಎಲ್ಲ ಸೇರಿ ಒಂದೇ ಮಾಂಸದ ಮುದ್ದೆಯಂತೆ ಆಗಿತ್ತು. ಅದು ಹಿಂದಿನ ಒತ್ತಡಕ್ಕೆ ಮೆಲ್ಲಗೆ ಉಸಿರಾಡುತ್ತಿತ್ತು.

ಡೇವಿಡ್ ಹಾರೆಯನ್ನು ತೂತಿನೊಳಗೆ ಇಳಿಸಿ ಮುದ್ದೆಗೆ ಚುಚ್ಚಿ ಮೀಟಿದ. ಮೊದಲು ಏನೂ ಆಗಲಿಲ್ಲ. ಎರಡನೆಯ ಸಲ ಮೀಟಿದಾಗ ಕಾಲ ಕೆಳಗಿನ ನೆಲ ಗುಡುಗಿತು. ಹಾರೆ ಅವನ ಕೈಯಿಂದ ಕಿತ್ತುಕೊಂಡು ಹೋಯಿತು. ಒಡಕಿನಿಂದ ಕರಿಯ ನೀರು ಆಳೆತ್ತರ ಚಿಮ್ಮಿ ಜಮಖಾನೆಯ ಮೇಲೆ ಬಿತ್ತು. ಕೆಳಗೆ ನಾಲೆಯ ದಂಡೆಯಲ್ಲಿ, ಪೈಪಿನ ಬಾಯಿಂದ, ಒಡ್ಡು ಒಡೆದಂತೆ ಎಲ್ಲವೂ ಒಂದೇ ಸಲ ಹೊರಬಿತ್ತು. ಟವೆಲ್ಲು, ಹುಕ್ಕು, ಕಾರು ಒಂದರ ಮೇಲೊಂದು ಉರುಳಿ ನಾಲೆಯ ಆಚೆ ದಡದ ಬಂಡೆಗೆ ಬಡಿದವು. ಕಾರಿನ ಒಂದು ಗಾಲಿ ಕಿತ್ತು ಹೊಳೆಯ ಕಡೆಗೆ ತೇಲಿತು. ಬಾಯಿಯ ಎದುರಿಗೆ ಮಾಗ್ದಲೀನಾ ಕೂತಿದ್ದ ಜಾಗ ಕೊರೆದು ಗುಂಡಿಯಾಯಿತು. ಆ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ನಾಲ್ವರೂ ಅದನ್ನು ನೋಡುತ್ತ ನಿಂತರು. ಡೇವಿಡ್ಡನ ಕೈ ಹಾರೆ ಹಿಡಿದ ಆಕಾರದಲ್ಲೇ ಇತ್ತು.

ಮೊದಲು ಮಾತಾಡಿದವನು ಸಿದ್ದಲಿಂಗ. "ಆತಲ್ಲ. ಸುಮ್ನ ಇಷ್ಟ ಗದ್ಲ ಮಾಡಿದ್ರಿ. ಲಗೂನ ಮಣ್ಣ ಹಾಕಿ, ಮ್ಯಾಲ ನಾಲ್ಕ ಹೂವಿನ ಕುಂಡಾ ಇಡ್ರಿ. ಡೇವಿಡ್ಯಾ, ಜಮಖಾನಿ ತೊಳಿ. ಇಸ್ಮಾಯಿಲ್ ಸಾಬ್ರ, ನೀವೂ ಒಂದ್ ಕೈ ಹಚ್ಚರಿ, ನಾ ಏನೂ ಮನಸಿನ್ಯಾಗ ಇಟ್ಕೊಳ್ಳೂದಿಲ್ಲ." ಹೇಳುತ್ತ ಹೇಳುತ್ತಲೇ ಸೆಂಟಿನ ಶೀಶೆ ತೆಗೆದು ಗುಂಡಿಯ ಸುತ್ತ ಗಾಳಿಗೆ ಹೊಡೆಯತೊಡಗಿದ.

ಡೇವಿಡ್ ಹುಲ್ಲು ದಾಟಿ, ಅಡುಗೆಮನೆಯ ಪಕ್ಕದಿಂದ, ಗೇಟಿನ ಕಡೆಗೆ ನಡೆದ. ಅಂಗಿ, ಶಿಲುಬೆ ಕೆಳಗಿನ ಕಲ್ಲಿನ ಮೇಲೆಯೇ ಇದ್ದವು, ಅಥವಾ ಕೊಚ್ಚಿ ಹೋಗಿದ್ದವು. ಅವನು ತಿರುಗಿ ನೋಡಲಿಲ್ಲ. ಮಾಗ್ದಲೀನಾ ಕೈಯಲ್ಲಿದ್ದ ಬುಟ್ಟಿಯನ್ನು ಮಣ್ಣಿನ ಸಮೇತ ಸಿದ್ದಲಿಂಗನ ಕಾಲ ಹತ್ತಿರ ಇಟ್ಟು ಗಂಡನ ಹಿಂದೆ ಹೋದಳು. ಇಸ್ಮಾಯಿಲ್ ಅವಳ ಹಿಂದೆ.

"ಏ, ಎಲ್ಲಿ ಹೊಂಟ್ರಿ?" ಎಂದು ಸಿದ್ದಲಿಂಗ ಕೇಳಿದ. ಆಮೇಲೆ ಗುಂಡಿಯನ್ನು ನೋಡಿದ. ಬುಟ್ಟಿಯನ್ನು ನೋಡಿದ. ಬುಟ್ಟಿಯ ಕಿವಿಗೆ ಕೈ ಹಾಕದೆ ಕರವಸ್ತ್ರ ಸುತ್ತಿ ಎತ್ತಲು ನೋಡಿದ, ಏಳಲಿಲ್ಲ.

ರಸ್ತೆಯ ಪಕ್ಕದ ಬೋರ್‌ವೆಲ್ಲಿನ ಹತ್ತಿರ ಡೇವಿಡ್ ನಿಂತ. ಮಾಗ್ದಲೀನಾ ಹಿಡಿಕೆ ಒತ್ತಿದಳು. ಅವನು ಕೈ ತೊಳೆದ, ತಲೆಯ ಮೇಲಿನ ಸೆಂಟು ಹೋಗುವಂತೆ ಕೂದಲು ತೊಳೆದ, ಬಾಯಿ ಮುಕ್ಕಳಿಸಿ ಉಗಿದ. ಮತ್ತೆ ಮುಕ್ಕಳಿಸಿದ. ಆಮೇಲೆ ಮೈಲಿಗಲ್ಲಿನ ಮೇಲೆ ಕೂತುಬಿಟ್ಟ.

"ನಾ ಮಾರಿ ಮುಂದ ಮಾಡ್ಕೊಂಡ ಹೋಗ್ತಿದ್ದೆ ನೋಡಣ್ಣಾ," ಎಂದ. "ತೆವಳೂದಂದ್ರ ಹಂಗಽ ಅಲ್ಲ? ಬಾಯಾಗ ಹೋಗ್ತಿತ್ತು."

ಮಾಗ್ದಲೀನಾ ಮತ್ತೆ ಹಿಡಿಕೆ ಒತ್ತಿದಳು. ನೀರು ಬಂದು ಯಾರೂ ಹಿಡಿಯದೆ ಹರಿದು ಹೋಯಿತು. ಇಸ್ಮಾಯಿಲ್ ಬೈಕನ್ನು ತಳ್ಳಿಕೊಂಡು ಬಂದು ಡೇವಿಡ್ಡನ ಪಕ್ಕದಲ್ಲಿ ನಿಲ್ಲಿಸಿ, ಅವನು ತಾನಾಗಿ ಏಳುವವರೆಗೆ ಶುರು ಮಾಡದೆ ಕಾದ.